ಒಂಟಿ ಎತ್ತಿನ ಉಳುಮೆ

2025ರ ಏಪ್ರಿಲ್ 12ರ ಐಎಸ್‌ಎಲ್ ಫೈನಲ್ಲಿನಲ್ಲಿ ಮೋಹನ್ ಬಗಾನ್ ಎದುರು ನಮ್ಮ ಬೆಂಗಳೂರು ಎಫ್‌ಸಿ 2-1ರಿಂದ ಸೋತಿತು. ಎಲ್ಲರೂ ಬೈಯೋದು ಚಿಂಗ್ಲೆನ್‌ಸಾನಾ ಅವರ ಹ್ಯಾಂಡ್‌ಬಾಲನ್ನು. ಆ ಪೆನಾಲ್ಟಿಯಿಂದಲೇ ಸ್ಕೋರು ಸಮವಾಯ್ತು, ಎಕ್ಸ್‌ಟ್ರಾ ಟೈಮಿನಲ್ಲಿ ಮೆಕ್ಲಾರೆನ್ ಕಥೆ ಮುಗಿಸಿದರು, ನಿಜ.

ಆದರೆ ನಮ್ಮ ಲೆಕ್ಕದಲ್ಲಿದ್ದ ಆ ಒಂದು ಗೋಲಾದರೂ ಯಾರದ್ದು? ಬಗಾನಿನ ಡಿಫೆಂಡರೇ ತಮ್ಮ ಬಲೆಗೆ ಹಾಕಿಕೊಂಡದ್ದು! 120 ನಿಮಿಷ ಆಡಿಯೂ ನಮ್ಮವರೊಬ್ಬರೂ ಗೋಲು ಹೊಡೆಯಲಿಲ್ಲ. ಸೆಮಿಫೈನಲ್ಲಿನಲ್ಲಿ ಗೋವಾ ಎದುರು ಕೊನೇ ಗಳಿಗೆಯಲ್ಲಿ ತಲೆಯಿಂದ ಗೋಲು ಹೊಡೆದು ದಡ ಸೇರಿಸಿದ್ದೂ 40 ವರ್ಷದ ಸುನಿಲ್ ಛೆಟ್ರಿಯವರೇ. ಆ ಸೀಸನ್ನಿನಲ್ಲಿ ಅವರದ್ದು 14 ಗೋಲು.

ಒಂದೇ ಎತ್ತಿನ ಹೆಗಲಿಗೆ ನೊಗ ಕಟ್ಟಿ ಎಷ್ಟು ದಿನ ಉಳ್ತೀರಿ ಸ್ವಾಮಿ? ಹ್ಯಾಂಡ್‌ಬಾಲ್ ಆದದ್ದು ಒಂದು ಸಂಜೆ. ಛೆಟ್ರಿಗೆ ಜೋಡಿ ಸಿಗದೇ ಇರೋದು ಎಷ್ಟೋ ವರ್ಷದ ಕತೆ.