ಸ್ವಾತಂತ್ರ್ಯವೆ, ಸ್ವೇಚ್ಛೆಯೆ?

ಆರ್ನೆಟ್ ಕೋಲ್ಮನ್ನನ ‘ಫ್ರೀ ಜಾಜ್’ ಮೊದಲ ಸಲ ಕೇಳಿದವರಿಗೆ ಬರಿಯ ಗದ್ದಲವೆನಿಸಿದರೆ ಅಚ್ಚರಿಯಿಲ್ಲ. 1960ರ ಡಿಸೆಂಬರ್ 21ರಂದು ನ್ಯೂಯಾರ್ಕಿನಲ್ಲಿ ಎಂಟು ಮಂದಿ ವಾದಕರು ಸುಮಾರು 37 ನಿಮಿಷ ಎಡೆಬಿಡದೆ ನುಡಿಸಿದ್ದನ್ನು ಅಟ್ಲಾಂಟಿಕ್ ಸಂಸ್ಥೆ ಮರುವರ್ಷ ಹೊರತಂದಿತು. ಸ್ಟೀರಿಯೋದಲ್ಲಿ ಕೇಳಿದರೆ ಎಡಕ್ಕೆ ಕೋಲ್ಮನ್ನನ ನಾಲ್ವರು, ಬಲಕ್ಕೆ ಎರಿಕ್ ಡಾಲ್ಫಿಯ ನಾಲ್ವರು. ಮೊದಲೇ ಗೊತ್ತುಮಾಡಿದ ಸ್ವರಮೇಳಗಳ ಸರಣಿಯಿಲ್ಲ. ಒಬ್ಬೊಬ್ಬರ ಸರದಿಗೆ ಮುನ್ನ ಕೂಡಿ ನುಡಿಸುವ ಕಿರುಪಲ್ಲವಿಗಳಷ್ಟೇ ಉಂಟು.

ಹಾಗಾದರೆ ಇದು ಸ್ವೇಚ್ಛೆಯೆ? ಅಲ್ಲವೆಂದೇ ನನ್ನ ಎಣಿಕೆ. ಡಾಲ್ಫಿಯ ಬಾಸ್ ಕ್ಲಾರಿನೆಟ್ ಮಾತೆತ್ತಿದೊಡನೆ ಉಳಿದವರು ಹೂಂಗುಡುತ್ತಾರೆ, ಅಡ್ಡ ಮಾತಾಡುತ್ತಾರೆ, ಕೆಣಕುತ್ತಾರೆ. ಆದರೆ ಬಾಯಿ ಮುಚ್ಚಿಸುವುದಿಲ್ಲ. ಇಬ್ಬರು ಡ್ರಮ್ ವಾದಕರ ಲಯದ ನಡೆಯೇ ಇದಕ್ಕೆಲ್ಲ ನೆಲಗಟ್ಟು. ಕೊನೆಯಲ್ಲಿ ಬಾಸ್ ಮತ್ತು ಡ್ರಮ್ಮುಗಳ ಸರದಿ ಬಂದಾಗ ಬಿಗಿ ಸಡಿಲುವುದೆಂಬುದನ್ನು ಒಪ್ಪಲೇಬೇಕು.

ಎಂಟರಲ್ಲಿ ಆರು ಮಂದಿ ಕಪ್ಪು ಜನ, ಇಬ್ಬರು ಬಿಳಿಯರು. ವರ್ಣಭೇದವು ಹಲವು ಸಂಸ್ಥಾನಗಳಲ್ಲಿ ಇನ್ನೂ ಕಾನೂನಾಗಿದ್ದ ನಾಡಿನಲ್ಲಿ, ತನ್ನ ದನಿ ಬಿಡದೆ ಇನ್ನೊಬ್ಬನ ದನಿಗೆ ಎಡೆಗೊಡುವುದು ಸಾಧ್ಯವೆಂದು ಅವರು ನುಡಿಸಿ ತೋರಿಸಿದರು. ಈ ಧ್ವನಿಮುದ್ರಿಕೆಯನ್ನು ಒಮ್ಮೆ ಕೇಳಿ ಬದಿಗಿಡಬೇಡಿ. ಎರಡನೆಯ ಸಲ ಒಂದೇ ವಾದ್ಯವನ್ನು ಹಿಂಬಾಲಿಸಿ. ಗದ್ದಲದೊಳಗಿನ ಸಂಭಾಷಣೆ ಆಗ ಕೇಳತೊಡಗುತ್ತದೆ.