ಲೋಕ ಕಟ್ಟಲು ಜನ ಬೇಕಾಗಿದ್ದಾರೆ

ಹೊಸದೊಂದು ಲೋಕವನ್ನು ಕಟ್ಟಬೇಕಾಗಿದೆ, ಅದಕ್ಕೆ ಜನ ಬೇಕು, ಸಂಬಳವಿಲ್ಲ. ಕಂಪ್ಯೂಟರಿನಲ್ಲಿ ಹಲವರು ಕೂಡಿ ಪಾತ್ರ ವಹಿಸಿ ಆಡುವ ಆಟಗಳ ವಲಯದಲ್ಲಿ ಸುಮಾರು ಮೂವತ್ತೈದು ವರ್ಷಗಳಿಂದ ಹೊರಡುತ್ತ ಬಂದಿರುವ ಒಂದು ಬಗೆಯ ಕರೆಯ ತಿರುಳು ಇಷ್ಟೆ. ಕರೆಯುವವರು ಬೇರೆ ಬೇರೆ. ಕರೆಯುವ ಮಾತು ಮಾತ್ರ ಒಂದೇ. ನಾಲ್ಕಾರು ಗೆಳೆಯರು ಸೇರಿರುತ್ತಾರೆ. ಖಂಡಗಳೆಷ್ಟು, ಕುಲಗಳೆಷ್ಟು, ದೇವರುಗಳೆಷ್ಟು ಎಂಬುದೆಲ್ಲ ಆಗಲೇ ನಿಶ್ಚಯವಾಗಿರುತ್ತದೆ. ಸಾವಿರ ವರ್ಷದ ಇತಿಹಾಸದ ರೂಪರೇಖೆಯೂ ಸಿದ್ಧವಾಗಿರುತ್ತದೆ. ಇನ್ನು ಬೇಕಾದುದು ಊರುಗಳನ್ನೂ ಕಾಡುಗಳನ್ನೂ, ಊರಿನ ಮನೆಗಳನ್ನೂ ಮನೆಯೊಳಗಿನ ಜನರನ್ನೂ ಬರೆದುಕೊಡುವ ಸ್ವಯಂಸೇವಕರು. ಸೂಕ್ಷ್ಮವಾಗಿ ನೋಡಿದರೆ, ಬೇಕಾದುದು ಎಲ್ಲವೂ.

ಇಂಥ ಕರೆಯನ್ನು ಕಂಡು ನಗುವುದು ಸುಲಭ. ನಾನೂ ನಕ್ಕಿದ್ದೇನೆ. ಆದರೆ ಇಂಥ ಕರೆಗೆ ಓಗೊಟ್ಟು ಬಂದವರು ಕಟ್ಟಿದ ಕೆಲವು ಲೋಕಗಳನ್ನು ಓದಿದ ಮೇಲೆ ನಗು ಸ್ವಲ್ಪ ಇಳಿದಿದೆ.

‘ಓದಿದ ಮೇಲೆ’ ಎಂದುದು ಕೈತಪ್ಪಲ್ಲ. ಇಂದು ಬಣ್ಣದ ಚಿತ್ರಗಳಲ್ಲಿ ಮೆರೆಯುವ ಈ ಆಟಗಳ ಹಿರಿಯ ತಲೆಮಾರು ಕೇವಲ ಅಕ್ಷರದ್ದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ಅಂಥದೊಂದು ಆಟವನ್ನು ಬರೆಯತೊಡಗಿದ. ಅವನ ಗೆಳೆಯ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿ ಬೆಳೆಸಿದ. ಅದರ ಹೆಸರು ‘ಮಡ್’. ಅದರಲ್ಲಿ ಚಿತ್ರವೆಂಬುದೇ ಇಲ್ಲ. ತೆರೆಯ ಮೇಲೆ ನಾಲ್ಕಾರು ಸಾಲಿನ ಒಂದು ವರ್ಣನೆ ಬರುತ್ತದೆ. ಆಟಗಾರ ‘ಉತ್ತರಕ್ಕೆ’ ಎಂದು ಟೈಪು ಮಾಡಿದರೆ ಇನ್ನೊಂದು ವರ್ಣನೆ. ಅಲ್ಲಿ ಮತ್ತೊಬ್ಬ ಆಟಗಾರ ನಿಂತಿದ್ದರೆ ಅವನ ಹೆಸರು ಕಾಣುತ್ತದೆ. ಅವನೊಡನೆ ಮಾತನಾಡಬಹುದು, ಕಾದಾಡಲೂಬಹುದು. ಹೀಗೆ ಜಾಗಕ್ಕೊಂದು ವರ್ಣನೆ. ಬಯಲಾಗಲಿ, ಕಾಡಾಗಲಿ, ಈ ಆಟಗಳ ಪರಿಭಾಷೆಯಲ್ಲಿ ಅದಕ್ಕೆ ‘ಕೋಣೆ’ ಎಂದೇ ಹೆಸರು. ಕೋಣೆಯ ವರ್ಣನೆ ಸಪ್ಪೆಯಾದರೆ ಲೋಕವೇ ಸಪ್ಪೆ. ನಮ್ಮ ಹಳೆಯ ಕಾವ್ಯಗಳ ಅಷ್ಟಾದಶ ವರ್ಣನೆಗಳನ್ನು ಬಿಟ್ಟರೆ, ವರ್ಣನೆಯನ್ನೇ ನಂಬಿ ಇಷ್ಟರಮಟ್ಟಿಗೆ ಬದುಕಿದ ಬರವಣಿಗೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆದುದರಿಂದ ಇದನ್ನು ವಿಮರ್ಶೆಯ ಕಣ್ಣಿನಿಂದ ನೋಡಲು ಸಂಕೋಚಪಡಬೇಕಾಗಿಲ್ಲ.

ಕೃತಿಯೊಂದರ ಆರಂಭ ಹೇಗಿದೆ ಎಂಬುದನ್ನು ಮೊದಲು ನೋಡುವುದು ವಿಮರ್ಶಕರ ವಾಡಿಕೆ. ಎಸೆಕ್ಸಿನ ಆಟದಲ್ಲಿ ಒಳಹೊಕ್ಕವನು ಮೊದಲು ಬಂದು ನಿಲ್ಲುವುದು ಒಂದು ಇಕ್ಕಟ್ಟಾದ ದಾರಿಯ ಮೇಲೆ. ಹಿಂದೆ ಅವನು ಬಿಟ್ಟು ಬಂದ ಪ್ರಪಂಚ. ಮುಂದೆ ಆಟದ ನಾಡು. ಇನ್ನೊಂದು ಪ್ರಸಿದ್ಧ ಲೋಕವೆಂದರೆ ‘ಲ್ಯಾಂಬ್ಡಾಮೂ’. ಅಮೆರಿಕದ ಪಾಲೊ ಆಲ್ಟೊದಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಪಾವೆಲ್ ಕರ್ಟಿಸ್ 1990ರಲ್ಲಿ ಅದನ್ನು ಆರಂಭಿಸಿದ. ಅಲ್ಲಿ ಹೊಸಬನು ಕಣ್ತೆರೆಯುವುದು ಕೋಟುಗಳನ್ನು ತೂಗುಹಾಕುವ ಒಂದು ಕತ್ತಲೆಯ ಕಿರುಕೋಣೆಯಲ್ಲಿ. ಬಾಗಿಲು ತೆರೆದರೆ ನಡುಮನೆ. ಅಲ್ಲಿ ಹರಟೆ ಹೊಡೆಯುತ್ತಿರುವ ಜನ, ಜೊತೆಗೆ ಬಾಯಿ ಮುಚ್ಚದ ಒಂದು ಕಾಕಟೂ ಗಿಳಿ. ಮೊದಲನೆಯದರ ದಾರಿ ಪುರಾಣದ ದಾರಿ; ಅದರಲ್ಲಿ ನಡೆದವನು ವೀರನಾಗಬೇಕು. ಎರಡನೆಯದು ನೆಂಟರ ಮನೆ. ಕರ್ಟಿಸ್ ತಾನು ವಾಸವಾಗಿದ್ದ ಮನೆಯನ್ನೇ ಮಾದರಿಯಾಗಿಟ್ಟುಕೊಂಡು ಅದನ್ನು ಬರೆದನಂತೆ. ಹಾಗೆಂದು ತಿಳಿಯುವ ಮೊದಲೇ ಓದುವವನಿಗೆ ಅದರ ಗುಟ್ಟು ಹೊಳೆಯುತ್ತದೆ: ಬಾಗಿಲು ಎತ್ತ ತೆರೆಯುತ್ತದೆ, ಕತ್ತಲಲ್ಲಿ ಕೈಗೆ ಏನು ತಗಲುತ್ತದೆ ಎಂಬುದೆಲ್ಲ ಬರೆದವನಿಗೆ ಗೊತ್ತಿದೆ.

ಇವೆರಡರಲ್ಲೂ ಮೊದಲ ಕೋಣೆಯನ್ನು ಕಟ್ಟಿದವರು ತಾವೇ ಕುಳಿತು ಬರೆದರು. ಆಮೇಲೆ ಬಾಗಿಲು ತೆರೆದರು. ಸ್ವಯಂಸೇವಕರನ್ನು ಕರೆಯುವ ಎಷ್ಟೋ ಕರೆಗಳಲ್ಲಿ ನನಗೆ ಕಾಣದುದು ಇದೇ. ಭೂಪಟವಿರುತ್ತದೆ, ವಂಶಾವಳಿಯಿರುತ್ತದೆ, ನಿಲ್ಲಲು ಒಂದು ಜಾಗವಿರುವುದಿಲ್ಲ. ಯಾವ ಧಾಟಿಯಲ್ಲಿ ಬರೆಯಬೇಕೆಂದು ಬಂದವನು ಕೇಳಿದರೆ ತೋರಿಸಲು ಒಂದು ಪುಟವೂ ಇಲ್ಲ. ಅಂಥ ಕರೆಗೆ ಬಂದವರು ವಾರದೊಳಗೆ ಚದರಿಹೋದರೆ ಸೋಮಾರಿಗಳೆಂದು ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಕರೆಗಳಲ್ಲೆಲ್ಲ ನನಗೆ ಬಹಳ ಮೆಚ್ಚುಗೆಯಾದುದು ಸ್ವೀಡನ್ನಿನ ಲಾರ್ಸ್ ಪೆನ್ಷೊನದು. ಗೋಥನ್‌ಬರ್ಗಿನಲ್ಲಿದ್ದ ಈತ 1989ರಲ್ಲಿ ‘ಎಲ್‌ಪಿ ಮಡ್’ ಎಂಬುದನ್ನು ರಚಿಸಿದ. ಒಳ್ಳೆಯ ಆಟವೊಂದನ್ನು ಕಲ್ಪಿಸುವ ಶಕ್ತಿ ತನಗಿದೆಯೆಂಬ ಭರವಸೆ ಆತನಿಗಿರಲಿಲ್ಲ; ಆದುದರಿಂದ ಕಟ್ಟುವ ಹಕ್ಕನ್ನು ಬೇರೆಯವರಿಗೂ ಕೊಟ್ಟರೆ ಅವರು ಆ ಕೊರತೆಯನ್ನು ತುಂಬಿಯಾರು ಎಂದು ನಂಬಿದ. ಹೀಗೆಂದು ತಾನೇ ಹೇಳಿಕೊಂಡಿದ್ದಾನೆ. ತನ್ನ ಕೊರತೆಯನ್ನು ಬಲ್ಲ ಕವಿ ಅಪರೂಪ. ಅದನ್ನೇ ಕೃತಿಯ ತಳಹದಿಯಾಗಿ ಮಾಡಿಕೊಂಡವನು ಇನ್ನೂ ಅಪರೂಪ. ಇದಕ್ಕಾಗಿ ಆತ ಒಂದು ಸರಳವಾದ ಭಾಷೆಯನ್ನೇ ರಚಿಸಿ ಕೊಟ್ಟ. ಆಟ ನಡೆಯುತ್ತಿರುವಂತೆಯೇ ಅದರಲ್ಲಿ ಹೊಸ ಕೋಣೆಯೊಂದನ್ನು ಬರೆದು ಸೇರಿಸಬಹುದಾಗಿತ್ತು.

ಆದರೆ ಆ ಹಕ್ಕು ದೊರೆಯುತ್ತಿದ್ದುದು ಯಾರಿಗೆ? ಆಟದಲ್ಲಿ ಮೇಲಿನ ಮೆಟ್ಟಿಲು ಮುಟ್ಟಿದವರಿಗೆ. ರಾಕ್ಷಸರನ್ನು ಕೊಂದು ಕೊಂದು ಅಂಕ ಗಳಿಸಿದವನು ‘ವಿಜರ್ಡ್’, ಅಂದರೆ ಮಾಂತ್ರಿಕನಾಗುತ್ತಾನೆ, ಮಾಂತ್ರಿಕನಾದವನಿಗೆ ಲೇಖನಿ. ಎಸೆಕ್ಸಿನಲ್ಲೂ ಮಾಂತ್ರಿಕರಿದ್ದರು, ಆದರೆ ಅವರಿಗೆ ಲೋಕವನ್ನು ಬರೆಯುವ ಅಧಿಕಾರವಿರಲಿಲ್ಲ. ಪೆನ್ಷೊ ಕತ್ತಿಗೂ ಲೇಖನಿಗೂ ಗಂಟು ಹಾಕಿದ. ಇದರಿಂದ ಒಂದು ಲಾಭವಾಯಿತೆನ್ನುವುದನ್ನು ಒಪ್ಪಬೇಕು: ಬರೆಯಬಂದವನು ಆ ಲೋಕದಲ್ಲಿ ತಿಂಗಳುಗಟ್ಟಲೆ ಅಲೆದವನಾಗಿರುತ್ತಿದ್ದ. ಊಟದ ರುಚಿ ಬಲ್ಲವನಿಗೆ ಅಡಿಗೆಯೂ ಬರುತ್ತದೆಂಬ ನಂಬಿಕೆ ಅಷ್ಟು ಗಟ್ಟಿಯಾದುದಲ್ಲ. ಬಹಳ ಎಲ್‌ಪಿ ಮಡ್‌ಗಳು ತೇಪೆಯ ಕೌದಿಗಳಾದವು. ಇಲ್ಲಿ ಗಂಭೀರವಾದ ಸ್ಮಶಾನ; ಅದರ ಮಗ್ಗುಲಲ್ಲೇ ಟೆಲಿವಿಷನ್ ಕಾರ್ಯಕ್ರಮವೊಂದರ ಅಣಕ. ಒಂದೊಂದೂ ತನ್ನಷ್ಟಕ್ಕೆ ಸೊಗಸಾಗಿರಬಹುದು, ಔಚಿತ್ಯವೆಂಬುದೊಂದು ಇದೆಯಲ್ಲವೆ?

ಇದೇ 1989ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಜೇಮ್ಸ್ ಆಸ್ಪ್‌ನೆಸ್ ‘ಟೈನಿಮಡ್’ ಎಂಬುದನ್ನು ತೆರೆದ. ಅದರಲ್ಲಿ ಕಾದಾಟವಿಲ್ಲ, ಮೆಟ್ಟಿಲುಗಳಿಲ್ಲ. ಬಂದವರೆಲ್ಲರೂ ಕಟ್ಟಬಹುದು, ಅಡ್ಡಾಡುವಾಗ ಸಿಕ್ಕಿದ ಪುಡಿಕಾಸನ್ನು ಕೊಟ್ಟರೆ ಸಾಕು, ಒಂದು ಕೋಣೆ ಎದ್ದಿತು. ಜನ ಮುಗಿಬಿದ್ದರು. ಕೋಣೆಯ ಮೇಲೆ ಕೋಣೆ ಎದ್ದು, ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆಂಬುದೇ ತಿಳಿಯದಂತಾಯಿತು. ವರ್ಷ ತುಂಬುವ ಮೊದಲೇ, 1990ರಲ್ಲಿ, ಆ ಲೋಕವನ್ನು ಮುಚ್ಚಲಾಯಿತು.

ಹಿಂದೆ ಹೇಳಿದ ಕರ್ಟಿಸನ ಮನೆಯಲ್ಲಿಯೂ ಯಾರು ಬೇಕಾದರೂ ಹೊಸ ಕೋಣೆ ಕಟ್ಟಬಹುದಾಗಿತ್ತು. ಆದರೆ ಒಬ್ಬೊಬ್ಬರಿಗೆ ಇಂತಿಷ್ಟೇ ಜಾಗವೆಂಬ ಕಟ್ಟಳೆಯಿತ್ತು. ಹೆಚ್ಚು ಜಾಗ ಬೇಕಾದವನು ಒಂದು ಸಮಿತಿಯ ಮುಂದೆ ಅರ್ಜಿ ಹಾಕಿಕೊಳ್ಳಬೇಕು. ಆಟಗಾರರಲ್ಲಿಯೇ ಕೆಲವರು ಆ ಸಮಿತಿಯ ಸದಸ್ಯರು. ಕಟ್ಟಹೊರಟಿರುವುದು ಇತರರಿಗೆ ಪ್ರಯೋಜನಕರವೆ, ಸ್ವಾರಸ್ಯವುಳ್ಳದ್ದೆ ಎಂದು ಅವರು ತೂಗಿ ನೋಡುತ್ತಿದ್ದರು. ವಿಮರ್ಶಕರಿಗೆ ಸಿಮೆಂಟಿನ ಪರವಾನಗಿ ಕೊಡುವ ಅಧಿಕಾರ ದೊರೆತ ಸಂದರ್ಭ ನಾನು ಕಂಡಂತೆ ಇದೊಂದೇ! ನಮ್ಮ ಕಾದಂಬರಿ ಲೋಕಕ್ಕೂ ಇಂಥದೊಂದು ಸಮಿತಿ ಬೇಕೆನಿಸಿದರೂ, ಅದರ ಸದಸ್ಯರು ಯಾರಾಗಬಹುದೆಂದು ನೆನೆದೊಡನೆ ಆ ಆಸೆ ಅಡಗುತ್ತದೆ.

1990ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ಐವರು ವಿದ್ಯಾರ್ಥಿಗಳು ಆರಂಭಿಸಿದ ‘ಡಿಕುಮಡ್’ ಕಟ್ಟುವ ಕೆಲಸವನ್ನು ಇನ್ನೂ ಹಗುರಮಾಡಿತು. ಪ್ರೋಗ್ರಾಮಿನ ವಿದ್ಯೆ ಬೇಡ. ಗೊತ್ತಾದ ನಮೂನೆಯಲ್ಲಿ ವರ್ಣನೆಗಳನ್ನು ತುಂಬಿಕೊಟ್ಟರೆ ಊರು ಸಿದ್ಧ. ಆದರೆ ನಮೂನೆ ತುಂಬುವವರಿಗಿಂತ ನಕಲು ಮಾಡುವವರು ಹೆಚ್ಚಾದರು. ಮಿಡ್‌ಗಾರ್ಡ್ ಎಂಬ ಅದೇ ಊರು, ಅದರ ನಡುವೆ ಅದೇ ದೇವಾಲಯ, ಎಷ್ಟೋ ಆಟಗಳಲ್ಲಿ ಹಾಗೆ ಹಾಗೆಯೇ ಕಾಣುತ್ತದೆ.

ಅಂಕವೂ ಸಮಿತಿಯೂ ನಮೂನೆಯೂ ಮಾಡಲಾರದ ಕೆಲಸವನ್ನು ಮಾಡಿದುದು ಒಂದು ಸಾಲು ಕಾದಂಬರಿಗಳು. ಇಂಗ್ಲೆಂಡಿನ ಟೆರಿ ಪ್ರ್ಯಾಚೆಟ್‌ನ ‘ಡಿಸ್ಕ್‌ವರ್ಲ್ಡ್’ ಕಾದಂಬರಿಗಳು ಪ್ರಸಿದ್ಧವಾದವು: ನಾಲ್ಕು ಆನೆಗಳು ಹೊತ್ತ ತಟ್ಟೆಯಂಥ ಭೂಮಿ, ಆನೆಗಳ ಕೆಳಗೊಂದು ಆಮೆ, ಮೇಲೆ ಆಂಕ್-ಮಾರ್ಪಾರ್ಕ್ ಎಂಬ ಗಲೀಜು ನಗರ. 1991ರಲ್ಲಿ ಅವನ್ನು ಆಧರಿಸಿ ಒಂದು ಎಲ್‌ಪಿ ಮಡ್ ಹುಟ್ಟಿತು. ಅದನ್ನು ಕಟ್ಟಿದವರೆಲ್ಲರೂ ಸ್ವಯಂಸೇವಕರು. ಕಾಸು ಕೊಡದೆ ಆಡಬಹುದಾದ ಆ ಆಟಕ್ಕೆ ಇಂದಿಗೂ ಹೊಸ ಕೈಗಳು ಸೇರುತ್ತಲೇ ಇವೆ. ಇಷ್ಟು ಜನ ಬರೆದ ಬೀದಿಗಳಲ್ಲಿ ಒಂದೇ ಧ್ವನಿ ಕೇಳುವುದು ಹೇಗೆ? ಬರೆದವರೆಲ್ಲರೂ ಅವೇ ಪುಸ್ತಕಗಳನ್ನು ಓದಿ ನಕ್ಕವರು, ಅದರಿಂದ. ಆ ನಗರದ ಬೀದಿಯಲ್ಲಿ ಯಾವುದು ನಾರಬೇಕು, ಪೊಲೀಸಿನವನು ಎಷ್ಟು ಹೊತ್ತಿಗೆ ಓಡಿಹೋಗಬೇಕು ಎಂಬುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ನಮ್ಮ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಆ ರಾತ್ರಿಯೇ ಮೊದಲ ಬಾರಿಗೆ ಎದುರುಬದುರು ಕುಳಿತಿದ್ದರೂ ಮಾತು ಕೂಡಿಬರುತ್ತದೆ. ಏಕೆಂದರೆ ಪ್ರಸಂಗ ಇಬ್ಬರಿಗೂ ಬಾಯಿಪಾಠ. ಸ್ವಯಂಸೇವಕರಿಗೆ ಬೇಕಾದುದು ಅಂಥ ಪ್ರಸಂಗ. ತಾವು ಕಲ್ಪಿಸಿದ ಲೋಕಕ್ಕೆ ಜನರನ್ನು ಕರೆಯುವವರು ಆ ಪ್ರಸಂಗವನ್ನು ತಾವೇ ಬರೆಯಬೇಕಾಗುತ್ತದೆ. ಕಡೆಗೆ ಮೊದಲ ಬೀದಿಯೊಂದನ್ನಾದರೂ.

ಪ್ರ್ಯಾಚೆಟ್‌ನ ಲೋಕವನ್ನೇ ಎರವಲು ತಂದುದರಿಂದ ಸ್ವಂತಿಕೆ ಹೋಯಿತೆಂದು ಆಕ್ಷೇಪಿಸುವವರಿದ್ದಾರೆ. ಭಾರತದ ಕಥೆಯನ್ನು ಎತ್ತಿಕೊಂಡ ನಮ್ಮ ಕವಿಗಳ ಸ್ವಂತಿಕೆಗೆ ಏನು ಕುಂದಾಯಿತೋ ಇದಕ್ಕೂ ಅಷ್ಟೆ ಎಂದು ಅವರಿಗೆ ಹೇಳಬಹುದು.

ಇನ್ನು ಸಂಬಳದ ಮಾತು. ಎಲ್ಲರೂ ಪುಕ್ಕಟೆಯಾಗಿ ಆಡುವ ಕಡೆ ಪುಕ್ಕಟೆಯಾಗಿ ಬರೆದವನಿಗೆ ನಷ್ಟವೇನೂ ಇಲ್ಲ. ಅದು ಊರ ಜಾತ್ರೆಗೆ ತೇರು ಕಟ್ಟಿದ ಹಾಗೆ. ಆದರೆ 1997ರಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ಆಟಗಾರರಿಂದ ತಿಂಗಳಿಗಿಷ್ಟೆಂದು ಹಣ ಪಡೆಯುತ್ತಿದ್ದ ಆಟ. ಹೊಸಬರಿಗೆ ದಾರಿ ತೋರಿಸಲು, ಕಥಾಪ್ರಸಂಗಗಳನ್ನು ಏರ್ಪಡಿಸಲು ಅಲ್ಲಿಯೂ ಸ್ವಯಂಸೇವಕರಿದ್ದರು. 2000ದಲ್ಲಿ ಅವರಲ್ಲಿ ಕೆಲವರು, ತಾವು ಮಾಡಿದುದು ಕೂಲಿಗೆ ತಕ್ಕ ಕೆಲಸವೆಂದು ನ್ಯಾಯಾಲಯಕ್ಕೆ ಹೋದರು. ಅದಕ್ಕೂ ಒಂದು ವರ್ಷ ಮೊದಲು ‘ಅಮೆರಿಕ ಆನ್‌ಲೈನ್’ ಎಂಬ ಸಂಸ್ಥೆಯ ಹರಟೆಯ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದ ಸ್ವಯಂಸೇವಕರು ಇಂಥದೇ ದಾವೆ ಹೂಡಿದ್ದರು. 2010ರಲ್ಲಿ ಒಂದೂವರೆ ಕೋಟಿ ಡಾಲರುಗಳಿಗೆ ಅದು ರಾಜಿಯಾಯಿತು.

ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಆಮೇಲೆ ಲೆಕ್ಕ ಬರೆಯುವುದು ಅಲ್ಪತನವೆಂದು ಕೆಲವರು ಮೂಗು ಮುರಿದುದುಂಟು. ಈ ಮಾತು ಒಪ್ಪತಕ್ಕದ್ದಲ್ಲ. ಲೆಕ್ಕವನ್ನು ಮೊದಲು ಬರೆದವರು ಟಿಕೆಟ್ಟು ಮಾರಿದವರು. ಆದರೂ ನ್ಯಾಯಾಲಯ ಎಣಿಸಬಲ್ಲುದು ಗಂಟೆಗಳನ್ನು ಮಾತ್ರ. ಟೈನಿಮಡ್ಡಿನಲ್ಲಿ ಒಬ್ಬನು ರಾತ್ರಿಯೆಲ್ಲ ಎದ್ದಿದ್ದು, ತನ್ನ ಅಜ್ಜಿಯ ಹಿತ್ತಿಲನ್ನು ನೆನೆದು ಒಂದು ಕೋಣೆ ಬರೆದನೆಂದು ಭಾವಿಸಿಕೊಳ್ಳೋಣ. ಲೋಕ ಮುಚ್ಚಿದ ದಿನ ಆ ಹಿತ್ತಿಲೂ ಮುಚ್ಚಿತು. ಹೆಸರಿಲ್ಲದ ಲಿಪಿಕಾರ ಬರೆದ ತಾಳೆಗರಿಯನ್ನು ಮುನ್ನೂರು ವರ್ಷ ಹುಳುವಿನಿಂದ ಉಳಿಸಿಕೊಂಡಿದ್ದೇವೆ. ಇದನ್ನು ಹನ್ನೆರಡು ತಿಂಗಳು ತೆರೆದಿಡಲಾಗಲಿಲ್ಲ. ಬರೆದುದರ ಪ್ರತಿಯೊಂದು ಬರೆದವನ ಬಳಿ ಇರುತ್ತದೆ, ಅದರ ಮೇಲೆ ಅವನ ಹೆಸರಿರುತ್ತದೆ ಎಂಬ ಒಂದು ಸಾಲನ್ನು ಇಂದು ಜನರನ್ನು ಕರೆಯುವವರು ತಮ್ಮ ಕರೆಯಲ್ಲಿ ಸೇರಿಸಿದರೆ ಅವರಿಗೆ ಖರ್ಚಾಗುವುದೇನು?

ಕೋಪನ್‌ಹೇಗನ್ನಿನ ಆ ಐವರು ತಮ್ಮ ಪಾಲಿಗೆ ಎಚ್ಚರವಾಗಿಯೇ ಇದ್ದರು. ತಮ್ಮ ಆಟವನ್ನು ಯಾರು ಬೇಕಾದರೂ ಬಳಸಬಹುದು, ಅದರಿಂದ ಹಣ ಮಾಡಕೂಡದು, ಆಟ ತೆರೆಯುವಾಗ ತಮ್ಮ ಐದು ಹೆಸರುಗಳೂ ಕಾಣಬೇಕು ಎಂದು ಕರಾರು ಹಾಕಿದರು. ಡಿಕುಮಡ್ ವಂಶದ ಆಟವೊಂದಕ್ಕೆ ಹೋದರೆ ಆ ಹೆಸರುಗಳು ಇಂದೂ ಬಾಗಿಲಲ್ಲಿ ಕಾಣುತ್ತವೆ. ಅವನ್ನು ದಾಟಿ, ಮಿಡ್‌ಗಾರ್ಡಿನ ದೇವಾಲಯದ ಮೆಟ್ಟಿಲಿಳಿದು, ಊರ ಹೊರಗಿನ ಕಾಡಿನತ್ತ ನಡೆದೆ. ಕಾಡಿನ ವರ್ಣನೆ ಚೆನ್ನಾಗಿತ್ತು. ಬರೆದವರು ಯಾರೆಂದು ಹುಡುಕಿದೆ, ಎಲ್ಲಿಯೂ ಇರಲಿಲ್ಲ.