'ಪ್ರವಾಸ ಕಥನ': ಪದದ ನಿಷ್ಪತ್ತಿ ಮತ್ತು ವಿಮರ್ಶೆ

ಕನ್ನಡದಲ್ಲಿ 'ಪ್ರವಾಸ ಕಥನ' ಎಂಬುದು ಒಂದು ಸಾಹಿತ್ಯ ಪ್ರಕಾರದ ಹೆಸರಾಗಿ ರೂಢವಾಗಿದೆ. ಆದರೆ ಅದರ ಪೂರ್ವಪದದ ಧಾತುವಿನಲ್ಲಿ ಚಲನೆಯ ಅರ್ಥವಿಲ್ಲ. 'ಯಾತ್ರೆ'ಯ ಮೂಲ 'ಯಾ', ಎಂದರೆ ಹೋಗು. 'ಪ್ರವಾಸ'ದ ಮೂಲ 'ವಸ್', ಎಂದರೆ ವಾಸಿಸು. 'ಪ್ರ' ಉಪಸರ್ಗ ಸೇರಿದಾಗ ಮನೆಯಿಂದ ದೂರ ವಾಸಿಸುವುದು ಎಂಬ ಅರ್ಥ ಸಿದ್ಧಿಸುತ್ತದೆ. ಮಮ್ಮಟನೂ ವಿಶ್ವನಾಥನೂ ವಿಪ್ರಲಂಭ ಶೃಂಗಾರದ ಪ್ರಭೇದಗಳಲ್ಲಿ ಪ್ರವಾಸವನ್ನು ಎಣಿಸಿದ್ದಾರೆ. ಭರತನ ಅಷ್ಟನಾಯಿಕೆಯರಲ್ಲಿ ಒಬ್ಬಳಾದ ಪ್ರೋಷಿತಭರ್ತೃಕೆಯ ಹೆಸರಿನ 'ಪ್ರೋಷಿತ'ವೂ ಇದೇ ಧಾತುವಿನ ಕೃದಂತ. ಎಂದರೆ ಪದದ ಹಳೆಯ ಬಾಳಿನಲ್ಲಿ ಹೋದವನಿಗಿರುವಷ್ಟೇ ಪಾಲು ಮನೆಯಲ್ಲಿ ಉಳಿದವಳಿಗೂ ಇದೆ.

ತೌಲನಿಕ ಅಧ್ಯಯನ ಮಾಡುವವರು ಇಲ್ಲಿ ಎಚ್ಚರ ವಹಿಸಬೇಕು. ಕನ್ನಡದ 'ಪ್ರವಾಸಿ' ನೋಡಿ ಮರಳುವವನು. 'ಪ್ರವಾಸೋದ್ಯಮ'ವೆಂಬ ಪದ ಆ ಅರ್ಥವನ್ನು ಇನ್ನಷ್ಟು ಗಟ್ಟಿಮಾಡಿದೆ. ವಿಷ್ಣುಭಟ್ ಗೋಡಸೆಯವರ 1857ರ ಅನುಭವಗಳನ್ನು ಹೇಳುವ ಮರಾಠಿ ಕೃತಿ 'ಮಾಝಾ ಪ್ರವಾಸ' (1907) ಈ ಅರ್ಥಕ್ಕೆ ಸಮೀಪವಾದುದು. ಹಿಂದಿಯಲ್ಲಾದರೋ ಪ್ರವಾಸ ಕಥನಕ್ಕೆ ಸಂವಾದಿಯಾದುದು 'ಯಾತ್ರಾ ವೃತ್ತಾಂತ'. 'ಪ್ರವಾಸಿ ಸಾಹಿತ್ಯ'ವೆಂದರೆ ವಲಸೆ ಹೋಗಿ ನೆಲೆಸಿದವರ ಬರವಣಿಗೆ. 1901ರಲ್ಲಿ ರಾಮಾನಂದ ಚಟರ್ಜಿಯವರು ಅಲಹಾಬಾದಿನಿಂದ ಹೊರಡಿಸಿದ ಬಂಗಾಳಿ ಮಾಸಪತ್ರಿಕೆ 'ಪ್ರಬಾಸಿ'ಯ ಹೆಸರಿನಲ್ಲಿರುವುದೂ ಹೊರನಾಡಿನ ವಾಸವೇ. ಪದಸಾಮ್ಯವನ್ನು ನಂಬಿ ಇವೆರಡನ್ನೂ ಒಂದೇ ಪ್ರಕಾರವೆಂದು ಹೋಲಿಸಿದರೆ ನಿರ್ಣಯವೇ ತಪ್ಪುತ್ತದೆ.

ಕನ್ನಡದಲ್ಲಿ ಮೂಲಾರ್ಥ ಪೂರ್ತಿ ಅಳಿದಿದೆಯೆ? ಕೃತಿಗಳ ಶೀರ್ಷಿಕೆಗಳನ್ನೇ ನೋಡಬಹುದು. ಕಾರಂತರ 'ಅಬೂವಿಂದ ಬರಾಮಕ್ಕೆ' ಹೊರಟ ಎಡೆಯನ್ನೂ ಸೇರಿದ ಎಡೆಯನ್ನೂ ಹೇಳುತ್ತದೆ. ಅದು ಚಲನೆಯ ಶೀರ್ಷಿಕೆ. ಬಿ.ಜಿ.ಎಲ್. ಸ್ವಾಮಿಯವರ 'ಅಮೆರಿಕದಲ್ಲಿ ನಾನು', 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೊರೂರರ 'ಅಮೆರಿಕದಲ್ಲಿ ಗೊರೂರು' ಇವೆರಡೂ ಸಪ್ತಮಿಯಲ್ಲಿ ನೆಲೆ ನಿಂತಿವೆ. ಎರಡನೆಯದರಲ್ಲಿ ಲೇಖಕರ ಹೆಸರೇ ಊರಿನ ಹೆಸರೂ ಆಗಿರುವುದರಿಂದ ಪರದೇಶದೊಳಗೆ ಹುಟ್ಟೂರೂ ಕುಳಿತಂತಾಗಿದೆ. ಶೀರ್ಷಿಕೆಯೊಂದೇ ಪ್ರಮಾಣವಾಗದು, ಆದರೆ ಪರೀಕ್ಷೆಗೆ ದಾರಿ ತೋರುತ್ತದೆ.

ಕಂಡ ಸ್ಥಳಗಳ ಪಟ್ಟಿಯಿಂದ ಪ್ರವಾಸ ಕಥನವನ್ನು ಅಳೆಯುವುದು ಸಾಲದು. ಬರೆದವರು ಅಲ್ಲಿ ಎಷ್ಟುಮಟ್ಟಿಗೆ ವಾಸಿಸಿದರು, ಬಿಟ್ಟುಬಂದ ಮನೆ ಆ ನೋಟವನ್ನು ಹೇಗೆ ತಿದ್ದಿತು ಎಂಬ ಪ್ರಶ್ನೆಗಳನ್ನು ಪದವೇ ಮುಂದಿಡುತ್ತದೆ. ಮುಂಬಯಿ, ದೆಹಲಿಗಳ ಕನ್ನಡಿಗರ ಬರವಣಿಗೆಯನ್ನು ಈ ಪ್ರಕಾರದ ಅಂಚಿನಲ್ಲಿಟ್ಟು ಓದಲು ಧಾತ್ವರ್ಥದ ಆಧಾರವೂ ಇಲ್ಲಿಯೇ ದೊರೆಯುತ್ತದೆ.